ಕಂಬಸಾಲಿನ ‘ಗಾಳಿಕಿಂಡಿ’ಯ ವಿಷಯವಾಗಿ

ಹುಬ್ಬಳ್ಳಿ, ಫೆಬ್ರುವರಿ ೧೯೬೪

ಹಳೆಯ ಪೇಟೆಗೆ ಹೊಸ ಜೀವ ತುಂಬಲು ಬಂದಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ತಾವು ಕಂಬಸಾಲನ್ನು ಬಹಳ ಚೆಂದ ಮಾಡಿದ್ದೀರಿ. ಆ ಭರದಲ್ಲಿ ನಮ್ಮ ಅವ್ವನ ಅಂಗಡಿಯ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದೀರಿ. ಮುಚ್ಚಿದ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟು, ಅದರ ಪಕ್ಕದಲ್ಲಿ ‘ಪ್ರಾಚೀನ ಗಾಳಿಕಿಂಡಿ’ ಎಂದು ಬಣ್ಣದ ಹಲಗೆ ಹೊಡೆಸಿದ್ದೀರಿ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರಣೆ; ತಮಗೆ ಬಿಡುವಿದ್ದರೆ ಓದಬಹುದು, ಇಲ್ಲದಿದ್ದರೆ ಊರವರು ಓದುತ್ತಾರೆ.

ನಾನು ಹಳೆಯ ಕಟ್ಟಡಗಳ ವೈರಿಯಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ಹೊಟ್ಟೆ ಹೊರೆಯುವವನು. ಕಂಬಸಾಲನ್ನು ಕೆಡವಿ ಸಿಮೆಂಟಿನ ಡಬ್ಬಿಗಳನ್ನು ಜೋಡಿಸಬೇಕೆಂದು ಕೆಲವು ದೊಡ್ಡ ಮನುಷ್ಯರು ಹೊರಟಾಗ, ಬೇಡ, ಉಳಿಸಿರಿ ಎಂದು ಸಭೆಯಲ್ಲಿ ಎದ್ದು ಮಾತನಾಡಿದವರಲ್ಲಿ ನಾನೂ ಒಬ್ಬ. ಒಂದೇ ಸೂರಿನ ಕೆಳಗೆ ಅಷ್ಟುದ್ದಕ್ಕೆ ನಿಂತ ಅಂಗಡಿಗಳು, ಎದೆಮಟ್ಟದ ಕಲ್ಲಿನ ಕಟ್ಟೆ, ತಬ್ಬಿದರೆ ಕೈಗೆ ಕೈ ಸಿಗದ ತೇಗದ ಕಂಬಗಳು. ಇಂಥದನ್ನು ಇನ್ನು ಯಾರು ಕಟ್ಟುತ್ತಾರೆ? ವ್ಯಾಪಾರವೆಲ್ಲ ಸ್ಟೇಶನ್ನಿನ ಕಡೆ ಸರಿದು, ಕಾಳುಕಡಿಯ ವ್ಯಾಪಾರಿಗಳು ಊರಾಚೆಯ ಅಮರಗೋಳಕ್ಕೆ ಹೋಗುವ ಮಾತಾಡುತ್ತ, ಅಂಗಡಿಗಳು ಒಂದೊಂದಾಗಿ ಕೀಲಿ ಹಾಕಿಕೊಳ್ಳುತ್ತಿದ್ದ ಕಾಲಕ್ಕೆ ತಾವು ಬಂದಿರಿ. ಕಂಬಗಳಿಗೆ ಎಣ್ಣೆ ಉಣಿಸಿದಿರಿ, ಗೋಡೆಗಳಿಗೆ ಗಾರೆ ಕೊಡಿಸಿದಿರಿ, ಬಾವಲಿಗಳನ್ನು ಎಬ್ಬಿಸಿದಿರಿ. ‘ಎಲ್ಲವೂ ಮೊದಲಿದ್ದ ಹಾಗೆ’ ಎಂದು ತಾವು ಹೇಳಿದಾಗ ಚಪ್ಪಾಳೆ ತಟ್ಟಿದವನು ನಾನು. ಮೊದಲು ಹೇಗಿತ್ತು ಎಂದು ಆಗ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈಗ ಹೇಳುತ್ತೇನೆ. ತಮ್ಮ ಕಿಂಡಿಯಲ್ಲಿ ಗಾಳಿ ಬರುತ್ತಿರಲಿಲ್ಲ, ಮಾನ್ಯರೇ. ಎಣ್ಣೆ ಬರುತ್ತಿತ್ತು. ಬೆಲ್ಲ ಬರುತ್ತಿತ್ತು, ಉಪ್ಪು ಬರುತ್ತಿತ್ತು. ಕಂಬಸಾಲಿನ ಕಟ್ಟೆ ಹತ್ತುವ ಅಪ್ಪಣೆ ನಮ್ಮ ಕೇರಿಯವರಿಗೆ ಇರಲಿಲ್ಲ. ಆದರೆ ನಮ್ಮ ದುಡ್ಡು ಕಟ್ಟೆ ಹತ್ತಬಹುದಾಗಿತ್ತು. ಆದ್ದರಿಂದ ಮೂಲೆಯ ಕಿರಾಣಿ ಅಂಗಡಿಯ ಹಿಂಗೋಡೆಯಲ್ಲಿ, ಹಿಂದಿನ ಓಣಿಗೆ ತೆರೆಯುವಂತೆ, ಒಂದು ಕಿಂಡಿ ಬಿಟ್ಟಿದ್ದರು. ಓಣಿಯಲ್ಲಿ ನಿಂತು ದುಡ್ಡನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಒಳಗಿನಿಂದ ಅರ್ಧ ಸೀಳಿದ ಬಿದಿರಿನ ದೋಣಿ ಹೊರಗೆ ಚಾಚುತ್ತದೆ, ಅದರಲ್ಲಿ ಎಣ್ಣೆ ಹರಿದು ಬರುತ್ತದೆ, ಕೆಳಗೆ ಮಗೆ ಹಿಡಿಯಬೇಕು. ಮಗೆಯಲ್ಲಿ ಬಿದ್ದರೂ ಸರಿ, ಮೊಣಕೈಯಲ್ಲಿ ಇಳಿದರೂ ಸರಿ, ಕೊಟ್ಟದ್ದು ಕೊಟ್ಟಂತೆಯೇ. ನಮ್ಮ ಅವ್ವ ಮುತ್ತವ್ವ ಸಣ್ಣಾಕಿ ಇದ್ದಾಗಿನಿಂದ ಆ ಕಿಂಡಿಯ ಕೆಳಗೆ ನಿಂತು ಬೆಳೆದವಳು. ಕಿಂಡಿಯ ಕಲ್ಲಿನ ಚೌಕಟ್ಟಿನ ಮೇಲೆ ತಾವರೆಯ ಹೂವು ಕೆತ್ತಿದ್ದರು. ನಮ್ಮ ಹಿರಿಯರು ಕಲಾರಸಿಕರೆಂದು ತಾವು ಭಾಷಣದಲ್ಲಿ ಅಂದಿರಿ. ಖರೆ. ಅಸಹ್ಯಕ್ಕೂ ಹೂವು ಮುಡಿಸುವಷ್ಟು ರಸಿಕರು.

ಕಾಲ ತಿರುಗಿತು. ಕಿರಾಣಿಯವರು ಅಂಗಡಿ ಬಿಟ್ಟರು. ಹಗ್ಗ, ಗೋಣಿಚೀಲ ಮಾರುವ ಯಾಕೂಬಸಾಬರು ಅದನ್ನು ಬಾಡಿಗೆಗೆ ಹಿಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂತು. ಕಿಂಡಿ ಮಾತ್ರ ಅಲ್ಲೇ ಇತ್ತು, ಮತ್ತು ಕಟ್ಟೆಯ ಮೇಲೆ ಕುಳಿತವರ ಕಣ್ಣೂ ಅಲ್ಲೇ ಇತ್ತು. ನಮ್ಮ ಅಪ್ಪ ಗಂಗಪ್ಪ ಗಿರಣಿಯಲ್ಲಿ ದುಡಿಯುತ್ತಿದ್ದವನು ಎದೆಬೇನೆಯಿಂದ ತೀರಿಹೋದ ಮೇಲೆ, ಅವ್ವ ಓಣಿಯಲ್ಲಿ ಬುಟ್ಟಿ ಇಟ್ಟುಕೊಂಡು ಮಿರ್ಚಿ ಭಜಿ ಮಾರತೊಡಗಿದ್ದಳು. ಒಂದು ಮಧ್ಯಾಹ್ನ ಮಳೆ ಬಂದು ಬುಟ್ಟಿಯೆಲ್ಲ ತೊಯ್ದುಹೋಯಿತು. ಯಾಕೂಬಸಾಬರು ಕಿಂಡಿಯಲ್ಲಿ ಮುಖ ಹಾಕಿ ಕೂಗಿದರು:

“ಮುತ್ತವ್ವಾ, ನನ್ನ ಅಂಗಡಿ ಹಿಂದ ಅರ್ಧಾ ಜಾಗಾ ಖಾಲಿನ ಬಿದ್ದೈತಿ. ಒಳಗ ಬಂದು ಒಲಿ ಹೂಡು.”

“ಹೆಂಗ ಬರ್ಲಿ ಕಾಕಾ? ಕಟ್ಟಿ ಹತ್ತಿ ಬಂದ್ರ ಆಜೂಬಾಜೂದವ್ರು ಬಿಟ್ಟಾರೇನ್ರಿ?”

“ಕಟ್ಟಿ ಯಾಕ? ಕಿಂಡಿ ಐತೆಲ್ಲಾ.”

“ಕಿಂಡ್ಯಾಗ ಬರಾಕ ನಾ ಏನು ಬೆಕ್ಕೇನ್ರಿ?”

“ಬೆಕ್ಕು ಆಗಬ್ಯಾಡವಾ. ಕಿಂಡೀನ ಬಾಗಲಾ ಮಾಡೂಣು.”

ಮಾಡಿಯೇಬಿಟ್ಟರು. ಕಟ್ಟಡದ ಮಾಲೀಕರು ಮುಂಬಯಿಯಲ್ಲಿದ್ದರು. ಬಾಡಿಗೆ ಮುಟ್ಟುವವರೆಗೆ ಗೋಡೆಗೆ ಏನಾದರೂ ಅವರಿಗೆ ಚಿಂತೆಯಿರಲಿಲ್ಲ. ಯಾಕೂಬಸಾಬರು ತಾವೇ ಹಾರೆ ಹಿಡಿದು ಗೋಡೆ ಒಡೆದರು. ತಾವರೆಯ ಚೌಕಟ್ಟು ಇಡಿಯಾಗಿ ಹೊರಬಂತು. ಅದನ್ನು ಒಳಗೆ ಮೂಲೆಯಲ್ಲಿ ಮಲಗಿಸಿದರು. ಅವ್ವ ಅದರ ಮೇಲೆ ನೀರಿನ ಕೊಡ ಇಟ್ಟಳು.

ಮೊದಲ ದಿನ ಯಾರೂ ಬರಲಿಲ್ಲ. ಯಾಕೂಬಸಾಬರು ತಾವೇ ಒಂದು ಪೆಟ್ಟಿಗೆಯ ಮೇಲೆ ಕುಳಿತು, ಓಣಿಗೆಲ್ಲ ಕೇಳುವಂತೆ “ಆಹಾ, ಏನ್ ರುಚಿ!” ಅನ್ನುತ್ತ ಭಜಿ ತಿಂದರು. ಸಂಜೆಯ ಹೊತ್ತಿಗೆ ದ್ಯಾಮಣ್ಣ ಎಂಬ ಹಮಾಲ, ಹತ್ತಿಯ ಅಂಡಿಗೆ ಹೊರುವವನು, ಓಣಿಯ ತುದಿಯಲ್ಲಿ ಬಹಳ ಹೊತ್ತು ನಿಂತಿದ್ದು, ಕಡೆಗೆ ಬಾಗಿಲಿಗೆ ಬಂದ. ಅವನು ನಮ್ಮವನಲ್ಲ. ಅವ್ವನ ಕೈಯದನ್ನು ತಿಂದನೆಂದರೆ ಅವನ ಓಣಿಯಲ್ಲಿ ಮಾತು ಬರುತ್ತದೆಂದು ಅವನಿಗೂ ಗೊತ್ತು, ಅವ್ವನಿಗೂ ಗೊತ್ತು.

“ಖಾರ ಅದಾವೇನ್ರಿ?” ಅಂದ.

“ತಿಂದು ನೀವ ಹೇಳ್ರಿ.”

ತಿಂದ. ಕಣ್ಣಲ್ಲಿ ನೀರು ಬಂತು. “ಖಾರ ಅದಾವು. ಇನ್ನೆರಡು ಹಾಕ್ರಿ.”

ಮರುದಿನ ಅವನು ತನ್ನ ಜೊತೆಯ ಹಮಾಲರನ್ನೆಲ್ಲ ಕರೆತಂದ. ಆಮೇಲೆ ಗಿರಣಿಯವರು ಬಂದರು, ರೈಲ್ವೆ ಕಾರಖಾನೆಯವರು ಬಂದರು, ಭಜಿಯ ಜೊತೆಗೆ ಚಹಾವೂ ಶುರುವಾಯಿತು. ಭಜಿ ತಿಂದವರು ಹಾಗೆಯೇ ಮುಂದಿನ ಅಂಗಡಿಗಳಲ್ಲಿ ಒಂದು ಹಗ್ಗವನ್ನೋ ಒಂದು ತಂಬಿಗೆಯನ್ನೋ ಕೊಂಡು ಹೋಗುತ್ತಿದ್ದರು. ಕಟ್ಟೆಯ ಮೇಲಿನ ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾಯಿತು. ವ್ಯಾಪಾರಕ್ಕಿರುವ ಬುದ್ಧಿ ಧರ್ಮಕ್ಕೆ ಎಲ್ಲಿ? ಕಂಬಸಾಲು ಬಾಡುತ್ತ ಬಂದ ಇಷ್ಟು ವರ್ಷಗಳಲ್ಲಿ ಅಲ್ಲಿ ದಿನವೂ ಜನ ಕೂಡುತ್ತಿದ್ದ ಜಾಗ ಒಂದೇ. ನಾನು ಬಿ.ಎ. ಓದಿದ್ದು ಅದೇ ಒಲೆಯ ಉರಿಯಿಂದ.

ಹೀಗಿರುವಾಗ ಮುಂಬಯಿಯ ಮಾಲೀಕರು ಕಟ್ಟಡವನ್ನು ಸರಕಾರಕ್ಕೆ ಮಾರಿದರು, ತಮ್ಮ ಸವಾರಿ ಬಂತು. ಸಂಗಡ ಒಬ್ಬ ತಜ್ಞರಿದ್ದರು. ಅವರು ಅವ್ವನ ನೀರಿನ ಕೊಡ ಎತ್ತಿಸಿ, ಕೆಳಗಿನ ತಾವರೆ ನೋಡಿ, ಕಳೆದುಹೋದ ಮಗಳು ಸಿಕ್ಕಂತೆ ಕಲ್ಲನ್ನು ಸವರಿದರು. ಹಿರಿಯರಿಗೆ ಗಾಳಿ ಬೆಳಕಿನ ಬಗ್ಗೆ ಎಂಥ ಕಾಳಜಿ ಇತ್ತು ನೋಡಿ ಎಂದು ತಮಗೆ ವಿವರಿಸಿದರು. ನಾನು ಆಗ ಅಲ್ಲೇ ಇದ್ದೆ. ತಾವು ತಮ್ಮ ಮೈಸೂರು ಕಡೆಯ ಮೆತ್ತಗಿನ ಮಾತಿನಲ್ಲಿ ಅವ್ವನಿಗೆ ಹೇಳಿದಿರಿ:

“ನೋಡಮ್ಮಾ, ಈ ಬಾಗಿಲು ಮೂಲದಲ್ಲಿ ಇರಲಿಲ್ಲ. ಆಮೇಲೆ ಯಾರೋ ಗೋಡೆ ಒಡೆದುಬಿಟ್ಟಿದ್ದಾರೆ. ನಾವು ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡ್ತಾ ಇದ್ದೀವಿ.”

“ಮೊದಲಿದ್ದಂಗಂದ್ರ ಯಾವಾಗ ಇದ್ದಂಗ್ರೀ ಸಾಹೇಬ್ರ?”

“ಕಟ್ಟಿದಾಗ ಇದ್ದ ಹಾಗೆ.”

“ಹಂಗಾರ ನಾನೂ ಮೊದಲಿನಂಗ ಓಣ್ಯಾಗ ಮಗಿ ಹಿಡಕೊಂಡು ನಿಂದ್ರಲೇನ್ರಿ?”

ತಾವು ನಕ್ಕಿರಿ. ಮುದುಕಿಯ ಚೇಷ್ಟೆಯೆಂದು ಭಾವಿಸಿದಿರಿ. ಕಿಂಡಿ ಏತಕ್ಕಿತ್ತೆಂದು ನಾನು ಬಿಡಿಸಿ ಹೇಳಿದೆ. “ಅದೆಲ್ಲ ಹಳೇ ಕತೆ ಬಿಡಿ ಮೇಷ್ಟ್ರೇ” ಅಂದಿರಿ. ಹಳೆಯದನ್ನು ಉಳಿಸುವುದಕ್ಕೇ ಸಂಬಳ ಪಡೆಯುವವರು ಹಳೆಯ ಕತೆಯನ್ನು ಬಿಡಲು ಹೇಳುತ್ತಾರೆ. ಕಲ್ಲು ಹಳೆಯದಾದರೆ ಪರಂಪರೆ, ಸಂಕಟ ಹಳೆಯದಾದರೆ ಅಪ್ರಸ್ತುತ. ಇದು ಯಾವ ಶಾಸ್ತ್ರ? ನಾನು ಹುಡುಗರಿಗೆ ಕಲಿಸಬೇಕಾಗಿದೆ, ಆದ್ದರಿಂದ ಕೇಳುತ್ತಿದ್ದೇನೆ.

ಬಾಗಿಲು ಮುಚ್ಚುವ ದಿನ ನಾನು ರಜೆ ಹಾಕಿ ಬಂದಿದ್ದೆ. ಯಾಕೂಬಸಾಬರು ವ್ಯಾಪಾರ ಬಿಟ್ಟು ಎಷ್ಟೋ ಕಾಲವಾಗಿತ್ತು, ಹಿಂದಿನ ಭಾಗದ ಬಾಡಿಗೆಯನ್ನು ಅವ್ವನೇ ಕಟ್ಟುತ್ತಿದ್ದಳು. ಕಣ್ಣು ಮಂಜಾಗಿದೆ, ಆದರೂ ಕೋಲೂರಿಕೊಂಡು ಬಂದು ಉಸುಕಿನ ಗುಂಪಿಯ ಮೇಲೆ ಕುಳಿತರು. ಇಟ್ಟಿಗೆಯ ಸಾಲು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಅವರು ನನ್ನ ಕೈ ಹಿಡಿದು, “ಹನುಮಪ್ಪಾ, ನಾ ಒಡದದ್ದು ತಪ್ಪಾತೇನೋ?” ಎಂದು ಕೇಳಿದರು. ಸಿಟ್ಟಿನಿಂದ ಗೌಂಡಿಯವರ ಮೇಲೆ ಏರಿಹೋದೆ. ಅವರೇನು ಮಾಡಿಯಾರು? ಅವರೂ ದಿನಾ ಅವ್ವನ ಚಹಾ ಕುಡಿದವರೇ. ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಅವ್ವ ನನ್ನ ರಟ್ಟೆ ಹಿಡಿದು ಎಳೆದಳು.

“ಏ, ಅವರ ಮ್ಯಾಲ್ಯಾಕ ಬೀಳ್ತಿ? ಕಡಾಯಿ ಹಿಡಿ ಇತ್ಲಾಗ.”

“ನಿನಗೇನೂ ಅನಸೂದಿಲ್ಲೇನಬೇ?”

“ಅನಸ್ತೈತಿ. ಅಳಾಕ ನಾಳೆ ಹೊತ್ತೈತಿ. ಈಗ ಮಂದಿ ಬರೂ ಹೊತ್ತಾತು.”

ಕಡಾಯಿ ಹೊತ್ತು ರಸ್ತೆ ದಾಟಿದೆವು. ಎದುರಿನ ಬೇವಿನ ಮರದ ಬುಡಕ್ಕೆ ಒಲೆ ಹೂಡಿದಳು. ಹಮಾಲರು ಬಂದು ಏನೂ ಕೇಳದೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು.

ಕಂಬಸಾಲಿನ ಪುನರಾರಂಭದ ಸಮಾರಂಭವನ್ನೂ ಮರೆಯುವಂತಿಲ್ಲ. ಶಾಮಿಯಾನ, ಹಾರ, ಅತಿಥಿಗಳು. ಮುಂದಿನ ಅಂಗಡಿಯೊಂದರಲ್ಲಿ ತಾವು ಪರವಾನಿಗಿ ಕೊಟ್ಟ ‘ಶುದ್ಧ ಉಪಾಹಾರ ಗೃಹ’ದಿಂದ ಚಹಾ ಬರಬೇಕಿತ್ತು, ಅವರ ಒಲೆ ಅಂದು ಹೊತ್ತಲೇ ಇಲ್ಲ. ಭಾಷಣ ಮುಗಿಯುತ್ತ ಬಂದರೂ ಚಹಾದ ಸುಳಿವಿಲ್ಲ. ತಮ್ಮ ಕಚೇರಿಯ ಪಟ್ಟೇವಾಲಾ ಗಾಬರಿಯಾಗಿ ರಸ್ತೆ ದಾಟಿ ಓಡಿಬಂದ. ಕೊಡಬೇಡ ಅಂದೆ ನಾನು. ಅವ್ವ ಕೊಟ್ಟಳು. “ಮನಿಗೆ ಬಂದ ಮಂದಿ ಏನ್ ಮಾಡ್ಯಾರ?” ಅಂದಳು, ಯಾವ ಮನೆ ಎಂದು ನಾನು ಕೇಳಲಿಲ್ಲ. ತಾವು ಒಂದು ಕಪ್ಪು ಕುಡಿದು, “ಚಹಾ ಬಹಳ ಚೆನ್ನಾಗಿದೆ, ಎಲ್ಲಿಂದ ತರಿಸಿದಿರಿ?” ಎಂದಿರಿ. ಪಟ್ಟೇವಾಲಾ ಬೇವಿನ ಮರ ತೋರಿಸಿದ. ಆಮೇಲೆ ತಾವು ಇನ್ನೊಂದು ಕಪ್ಪು ತರಿಸಿಕೊಂಡಿರಿ. ಅದಕ್ಕಾಗಿ ತಮ್ಮನ್ನು ಮೆಚ್ಚುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ತಾವು ಕೆಟ್ಟವರಲ್ಲವೆಂದು ಅಂದೇ ತಿಳಿದೆ. ಅದರಿಂದಲೇ ಅವ್ವನ ಪರವಾಗಿ ಅರ್ಜಿ ಬರೆದೆ: ಬಾಗಿಲನ್ನು ಮರಳಿ ತೆರೆಯಿಸಿ ಕೊಡಿರಿ.

ಉತ್ತರ ಬಂತು. ಬಾಗಿಲು ತೆರೆದರೆ ಕಟ್ಟಡದ ಪ್ರಾಚೀನತೆಗೆ ಭಂಗ. ಅಲ್ಲದೆ ಅರ್ಜಿದಾರಳ ಒಲೆಯ ಹೊಗೆಯಿಂದ ತೊಲೆಗಳಿಗೆ ಧಕ್ಕೆ. ಸರಿ. ಹಾಗಾದರೆ ಮುಂದಿನ ಉಪಾಹಾರ ಗೃಹದವರು ಏನು ಬೆಳದಿಂಗಳಲ್ಲಿ ಇಡ್ಲಿ ಬೇಯಿಸುತ್ತಾರೆಯೆ? ಅವರ ಹೊಗೆ ತೊಲೆಗಳಿಗೆ ಹಿತ, ನಮ್ಮವ್ವನ ಹೊಗೆ ಅಹಿತ ಎಂಬುದನ್ನು ತೊಲೆಗಳು ತಮಗೆ ಯಾವಾಗ ತಿಳಿಸಿದವು? ಹೊಗೆಗೂ ಜಾತಿಯಿದೆಯೆಂದು ಚರಿತ್ರೆಯ ಪುಸ್ತಕದಲ್ಲಿ ನಾನು ಓದಿಲ್ಲ. ತಮ್ಮ ಕಚೇರಿಯ ಕಾಗದದಲ್ಲಿ ಓದಿದೆ.

ಇನ್ನು ಹೊಸ ಜೀವದ ಮಾತು. ತಾಮ್ರದ ಪಾತ್ರೆಯ ಬೀರಲಿಂಗಪ್ಪನವರು ಕಟ್ಟೆಯ ಮೇಲೆ ಉಳಿದಿರುವ ಹಳಬರು. ಮೊನ್ನೆ ಅವರೇ ನನ್ನನ್ನು ಕರೆದು ಅಂದರು: “ಕಂಬಕ್ಕ ಎಣ್ಣಿ ಹಚ್ಚ್ಯಾರ, ಛಲೋ ಕಾಣಾಕತ್ತಾವ. ಆದ್ರ ಮುತ್ತವ್ವ ಹ್ವಾದ ಮ್ಯಾಲ ಮಂದಿ ಈ ಕಡೆ ಹಾಯೂದ ಬಿಟ್ಟಾರ್ರೀ ಮಾಸ್ತರ. ಕಂಬ ಬಂದು ನನ್ನ ತಂಬಗಿ ಕೊಳ್ಳತಾವೇನ್ರಿ?” ಸಾಲಿನ ಅರ್ಧಕ್ಕರ್ಧ ಅಂಗಡಿಗಳು ಹೊಸ ಬಣ್ಣ ಬಳಿದುಕೊಂಡು ಕೀಲಿ ಹಾಕಿಕೊಂಡಿವೆ. ಎದುರಿನ ಬೇವಿನ ಮರದ ಕೆಳಗೆ ನಿಲ್ಲಲು ಜಾಗವಿಲ್ಲ. ಪೇಟೆಗೆ ಜೀವ ಬಂದಿದೆ ಖರೆ, ರಸ್ತೆಯ ಆಚೆಗೆ ಬಂದಿದೆ.

ಈ ಪತ್ರವನ್ನು ಮೊದಲು ಬೇರೆ ರೀತಿ ಮುಗಿಸಿದ್ದೆ. ಮುಚ್ಚಿದ ಬಾಗಿಲನ್ನು ತೆರೆಯಿಸಿರಿ ಎಂದು ಮತ್ತೆ ಬರೆದು ಅವ್ವನಿಗೆ ಓದಿ ತೋರಿಸಿದೆ. ಆಕೆ ಹಿಟ್ಟು ಕಲಸುತ್ತ ಕೇಳಿದಳು.

“ಅದನ್ನ ಕೇಳಬ್ಯಾಡ,” ಅಂದಳು.

“ಯಾಕಬೇ?”

“ಯಾಕೂಬಕಾಕಾ ಪುಣ್ಯಾತ್ಮ. ಆಗಿನ ಕಾಲಕ್ಕ ಎಷ್ಟ್ ಆಗ್ತಿತ್ತೋ ಅಷ್ಟ್ ಮಾಡಿದಾ. ಈಗೂ ನಾ ಓಣೀ ಬಾಗಲದಾಗ ಯಾಕ ಹೋಗಬೇಕು? ಮುಂದ ಅಷ್ಟೊಂದ್ ಅಂಗಡಿ ಖಾಲಿ ನಿಂತಾವ. ಅದರಾಗ ಒಂದು ಕೇಳು. ಕಟ್ಟಿ ಹತ್ತಿ ಹೋಗ್ತೀನಿ.”

“ಆ ಕಿಂಡಿ?”

“ಇರ್ಲಿ ಬಿಡು. ಹಲಗಿ ಮ್ಯಾಲ ಖರೇ ಏನೈತಿ ಅದನ್ನ ಬರೀಲಿ. ಮಂದಿ ಓದ್ಲಿ.”

ಇಷ್ಟು ವಯಸ್ಸಾದರೂ ಆಕೆ ಆ ಕಟ್ಟೆಯ ಮೇಲೆ ಒಮ್ಮೆಯೂ ಕಾಲಿಟ್ಟಿಲ್ಲವೆಂಬುದು ಆಗ ನನ್ನ ತಲೆಗೆ ಹೊಳೆಯಿತು. ಅಸ್ಪೃಶ್ಯತೆ ಅಪರಾಧವೆಂಬ ಕಾನೂನು ಬಂದು ವರ್ಷಗಳಾದವು, ಯಾರೂ ತಡೆಯುತ್ತಿರಲಿಲ್ಲ. ಆದರೂ ಆಕೆ ಹತ್ತಿರಲಿಲ್ಲ. ಗಿರಾಕಿಯಾಗಿ ಅಲ್ಲ, ಅಂಗಡಿಯವಳಾಗಿಯೇ ಹತ್ತಬೇಕೆಂದು ಕಾಯುತ್ತಿದ್ದಳೋ ಏನೋ.

ಆದ್ದರಿಂದ, ಮಾನ್ಯರೇ, ಹಲಗೆಯ ಮಾತು ತಿದ್ದಿಸಿರಿ. ‘ಗಾಳಿ’ ಎಂಬಲ್ಲಿ ನಿಜ ಬರೆಸಿರಿ. ಮತ್ತು ಮುಂದಿನ ಸಾಲಿನ ಒಂದು ಅಂಗಡಿಯನ್ನು, ಉಪಾಹಾರ ಗೃಹದವರಿಗೆ ಕೊಟ್ಟ ಅದೇ ಕರಾರಿನ ಮೇಲೆ, ಮುತ್ತವ್ವ ಗಂಗಪ್ಪ ಹೊಸಮನಿ ಇವಳಿಗೆ ಕೊಡಿರಿ. ಆಕೆ ಕಚೇರಿಯ ಉತ್ತರಕ್ಕಾಗಿ ಕಾಯುವವಳಲ್ಲ. ಬರುವ ಸೋಮವಾರ ಬೆಳಿಗ್ಗೆ ಆಕೆ ಮುಂದಿನ ಮೆಟ್ಟಿಲು ಹತ್ತುತ್ತಾಳೆ. ಕಡಾಯಿ ಹೊರಲು ದ್ಯಾಮಣ್ಣ ಒಪ್ಪಿದ್ದಾನೆ, ಬೀರಲಿಂಗಪ್ಪನವರು ತಮ್ಮ ಬಾಜೂ ಜಾಗ ಗುಡಿಸಿಟ್ಟಿದ್ದಾರೆ, ಯಾಕೂಬಸಾಬರನ್ನು ಟಾಂಗಾದಲ್ಲಿ ಕರೆತರುತ್ತೇನೆ. ತಾವೂ ಬರಬೇಕು. ಬರುವಾಗ ಕೀಲಿಕೈ ಮರೆಯಬೇಡಿರಿ.

ಇಂತಿ,
ಸರಕಾರಿ ಉತ್ತರಗಳ ಮೇಲೆ ಇನ್ನೂ ನಂಬಿಕೆ ಕಳೆದುಕೊಳ್ಳದಷ್ಟು ದಡ್ಡನಾದ,
ಹನುಮಪ್ಪ ಗಂಗಪ್ಪ ಹೊಸಮನಿ, ಚರಿತ್ರೆಯ ಮಾಸ್ತರ