ಒಳಗಿನಿಂದ ತೆರೆಯದ ಬಾಗಿಲು

ಹುಬ್ಬಳ್ಳಿ, ತಂಪುಕೇರಿಯ ನೂರ ಹದಿನಾಲ್ಕನೇ ವರ್ಷ, ಎರಡನೇ ಬೇಸಿಗೆಯ ಮೂವತ್ತನಾಲ್ಕನೇ ದಿನ

ಪೂಜ್ಯ ಫಕೀರಪ್ಪಜ್ಜನವರಿಗೆ ನಿಮ್ಮ ಆರನೇ ತಲೆಮಾರಿನ ದಾನಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಬಿಸಿಲು ತಾಳಲಾರದೆ ಊರಿನ ಜನ ನೆಲದಡಿಯ ತಂಪುಕೇರಿಗೆ ಇಳಿದ ವರ್ಷದಿಂದ ನಮ್ಮ ಎಣಿಕೆ ಶುರುವಾಗುತ್ತದೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಗ್ಯಾರೇಜಿನ ಡೈರಿಯಿಂದ. ಹಾಗಾಗಿ ಗ್ರೀಸು, ಗ್ಯಾಸ್ಕೆಟ್ಟಿನ ಕನ್ನಡ ಸಲೀಸಾಗಿ ಬರುತ್ತದೆ, ಉಳಿದದ್ದು ಅಷ್ಟಕ್ಕಷ್ಟೆ.

ನಿಮ್ಮ ಅಂಬಾಸಿಡರ್ ಇನ್ನೂ ಇದೆ. ಚಾವಣಿಯನ್ನು ಒಂದು ಗೇಣು ಕತ್ತರಿಸಿ ತಗ್ಗಿಸಿದಿರಲ್ಲ, ಬಾನೆಟ್ ಕಿತ್ತು ಎಂಜಿನ್ನನ್ನು ಬಯಲಿಗಿಟ್ಟಿರಲ್ಲ, ಮುಂದಿನಿಂದ ಹಿಂದಿನವರೆಗೆ ಬೆಂಕಿಯ ನಾಲಿಗೆ ಬರೆದಿರಲ್ಲ, ಎಲ್ಲವೂ ಹಾಗೆಯೇ ಇದೆ. ನೀವು ಬಲು ಶೋಕಿಯವರು, ಅಜ್ಜ. ಬಾಗಿಲಿನ ಮೈ ನುಣ್ಣಗೆ ಕಾಣಬೇಕೆಂದು ಹ್ಯಾಂಡಲ್‌ಗಳನ್ನೂ ಕಿತ್ತುಹಾಕಿದಿರಿ, ಹೊರಗಿನವನ್ನೂ ಒಳಗಿನವನ್ನೂ. ಬಾಗಿಲಿಗೊಂದು ಗುಂಡಿ, ಗಾಜಿಗೊಂದು ಗುಂಡಿ, ಎರಡಕ್ಕೂ ಒಂದೇ ಬ್ಯಾಟರಿ. ಆ ಹ್ಯಾಂಡಲ್‌ಗಳನ್ನೆಲ್ಲ ಕೈಯಲ್ಲಿ ಹಿಡಿದು ನಗುತ್ತಿರುವ ನಿಮ್ಮ ಫೋಟೊ ನಮ್ಮ ಮನೆಯಲ್ಲಿದೆ. ಮೊದಲೆಲ್ಲ ಅದನ್ನು ನೋಡಿದರೆ ನನಗೂ ನಗು ಬರುತ್ತಿತ್ತು.

ವರ್ಷಕ್ಕೊಮ್ಮೆ ಬಂಡಿಬಯಲು ನಡೆಯುತ್ತದೆ. ಬೆಳಗಿನ ಜಾವದಿಂದ ಬಿಸಿಲೇರುವವರೆಗಿನ ಮೂರು ತಾಸಿಗೆ ನಾವು ಹೊರಹೊತ್ತು ಎನ್ನುತ್ತೇವೆ. ಆ ಹೊತ್ತಿನಲ್ಲಿ ಹಳೆಯ ಕಾರುಗಳನ್ನು ಕೈಯಿಂದ ತಳ್ಳಿಕೊಂಡು ಬಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸುತ್ತೇವೆ. ಎಂಜಿನ್ ಶುರು ಮಾಡುವ ಮಾತೇ ಇಲ್ಲ. ಎಣ್ಣೆ ಸುಡುವುದೆಂದರೆ ನಮ್ಮವರಿಗೆ ಜೀವ ಝಲ್ಲೆನ್ನುತ್ತದೆ. ಪ್ರತಿ ಮನೆತನವೂ ಟ್ಯಾಂಕಿನ ಮುಚ್ಚಳ ತೆಗೆದು ಬರಿದಾಗಿದೆಯೆಂದು ತೋರಿಸಬೇಕು. ಆಮೇಲೆ ಜನರನ್ನು ಬಯಲಿನೊಳಗೆ ಬಿಡುತ್ತಾರೆ. ನೆಲಕ್ಕೆ ಹೊಟ್ಟೆ ತಾಗುವಂಥ ಪದ್ಮಿನಿ, ಆನೆಗಾಲಿನಂಥ ಟೈರಿನ ಜೀಪು, ಮುಖ ಕಾಣುವಷ್ಟು ಹೊಳೆಯುವ ಕ್ರೋಮಿನ ಬಂಪರುಗಳು. ನೆಲದಡಿ ಹುಟ್ಟಿ ಬೆಳೆದವರು ಅಷ್ಟು ಕೆಂಪು, ಅಷ್ಟು ಹಳದಿ ಬೇರೆಲ್ಲೂ ಕಂಡಿರುವುದಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಾರೆ. ಹೆದರಿಕೆಯ ನಡುವೆಯೂ ಆ ಚೆಲುವಿಗೆ ನನ್ನ ಕಣ್ಣು ತುಂಬಿಬರುತ್ತದೆ, ಸುಳ್ಳೇಕೆ ಹೇಳಲಿ.

ನಮ್ಮಲ್ಲಿ ಸವಾರಿ ಕೂರುವುದೆಂಬ ಪದ್ಧತಿಯಿದೆ. ಪ್ರತಿ ಕಾರಿನೊಳಗೆ ಆ ಮನೆತನದ ಒಬ್ಬರು ಸ್ಟೇರಿಂಗ್ ಹಿಡಿದು ಕೂರಬೇಕು. ಧೂಳು ಹೋಗದಂತೆ ಗಾಜು ಏರಿಸಿರಬೇಕು. ಈಗ ಬದುಕಿರುವ ಯಾರೂ ಕಾರು ಓಡುವುದನ್ನು ಕಂಡಿಲ್ಲ. ನಿಮ್ಮ ಕಾಲದ ಚಾಲಕರು ಸದಾ ಕೂಗಾಡುತ್ತಿದ್ದರು, ಹಾರ್ನ್ ಬಡಿಯುತ್ತಿದ್ದರು, ಪಕ್ಕದವರಿಗೆ ಕೈ ಮಾಡಿ ಬೈಯುತ್ತಿದ್ದರು ಎಂದಷ್ಟೇ ಕೇಳಿ ತಿಳಿದಿದ್ದೇವೆ. ಆದ್ದರಿಂದ ಸವಾರಿ ಕೂತವರು ಅದನ್ನೆಲ್ಲ ಆಡಿ ತೋರಿಸುತ್ತಾರೆ. ಹೆಚ್ಚು ಸಿಟ್ಟು ತೋರಿಸಿದಷ್ಟೂ ಹೆಚ್ಚು ಚಪ್ಪಾಳೆ.

ಹೋದ ವರ್ಷ ನಮ್ಮ ಕಾರಿನಲ್ಲಿ ಕೂತದ್ದು ನನ್ನ ತಾಯಿ ಗಂಗವ್ವ. ಮೊದಲ ತಾಸು ಚೆನ್ನಾಗಿಯೇ ಆಡಿದಳು. ಎರಡನೆಯ ತಾಸಿನಲ್ಲಿ ಬ್ಯಾಟರಿ ಸತ್ತಿತು. ಹೊರಗೆ ನಿಂತ ನಮಗೆ ಅದು ತಿಳಿಯುವುದು ಹೇಗೆ? ತಾಯಿ ಗುಂಡಿ ಒತ್ತಿದಳು, ಬಾಗಿಲು ತಡಕಾಡಿದಳು, ಬಾಯಿ ತೆರೆದು ಕೂಗಿದಳು, ಎರಡೂ ಕೈಯಿಂದ ಗಾಜು ಬಡಿದಳು. ಇಷ್ಟು ಸೊಗಸಾದ ಸಿಟ್ಟನ್ನು ಬಂಡಿಬಯಲು ಎಂದೂ ಕಂಡಿರಲಿಲ್ಲ. ಜನ ಮುಗಿಬಿದ್ದರು. ಯಾರೋ ಒಬ್ಬರು, "ಏನ್ ಆಡ್ತಾಳ್ರೀ ಮುದುಕಿ, ಖರೇನ ಡ್ರೈವರ್ ಇದ್ದಂಗ!" ಎಂದರು. ನನಗೆ ಹೆಮ್ಮೆಯಾಯಿತು. ನಾನೂ ಚಪ್ಪಾಳೆ ತಟ್ಟಿದೆ.

ಹೊರಹೊತ್ತು ಮುಗಿದ ಸೈರನ್ ಆಯಿತು. ಎಲ್ಲ ಕಾರುಗಳಿಂದಲೂ ಜನ ಇಳಿದರು, ತಾಯಿ ಮಾತ್ರ ಸ್ಟೇರಿಂಗಿನ ಮೇಲೆ ಒರಗಿದ್ದಳು. ಗಾಜು ಒಡೆಯಲು ಯಾರಿಗೂ ಧೈರ್ಯವಿರಲಿಲ್ಲ, ನನಗೂ. ಏಕೆಂದರೆ ಬ್ಯಾಟರಿ ಬಿಟ್ಟರೆ ಹಳೆಯ ಕಾರಿನ ಒಂದು ಸ್ಕ್ರೂ ಕೂಡ ಬದಲಾಗಬಾರದೆಂಬುದು ಬಂಡಿ ಮಂಡಳಿಯ ಕಟ್ಟಳೆ. ಕಾರು ಕೆಡಿಸಿದವರ ಮನೆತನ ತಂಪುಕೇರಿ ಬಿಟ್ಟು ಮೇಲಿನ ಬಿಸಿಲಿಗೆ ಹೋಗಬೇಕು. ಕೊನೆಗೆ ಡಿಕ್ಕಿ ತೆರೆದು, ಹಿಂದಿನ ಸೀಟಿನ ಬೋಲ್ಟು ಬಿಚ್ಚಿ ಅವಳನ್ನು ಎಳೆದೆವು. ಆ ನಾಲ್ಕು ಬೋಲ್ಟುಗಳಿಗಾಗಿ ನಮ್ಮ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ತಾಯಿ ಮೂರೇ ದಿನ ಬದುಕಿದ್ದಳು. ಹೋಗುವ ಮುಂಚೆ ನನ್ನ ಕೈ ಹಿಡಿದು, "ನೀನೂ ಚಪ್ಪಾಳಿ ಹೊಡದ್ಯಲ್ಲ, ಯವ್ವಾ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.

ಈ ಸಲದ ಬಂಡಿಬಯಲಿಗೆ ಹನ್ನೊಂದು ದಿನ ಬಾಕಿ. ಸವಾರಿ ಕೂರುವ ಸರದಿ ನನ್ನ ಮಗಳು ಹೊನ್ನವ್ವನದು. ಹತ್ತೊಂಬತ್ತು ವರ್ಷದವಳು. ನಾನು ಕೂರುತ್ತೇನೆಂದು ಕೈಮುಗಿದು ಕೇಳಿದೆ. ಬೋಲ್ಟು ಬಿಚ್ಚಿದ ಕೈ ಸ್ಟೇರಿಂಗ್ ಮುಟ್ಟಕೂಡದೆಂದು ಮಂಡಳಿ ಹೇಳಿತು. ಯಾರೂ ಕೂರದ ಕಾರು ಕುಲುಮೆಗೆ ಹೋಗುತ್ತದೆ, ಕಾರೇ ಹೋದ ಮೇಲೆ ಅದನ್ನು ಕಾಯುವ ನಮ್ಮಂಥ ಮನೆತನಕ್ಕೆ ತಂಪುಕೇರಿಯಲ್ಲಿ ಜಾಗವಿಲ್ಲ. ಹೊನ್ನವ್ವನಿಗಂತೂ ಹಿಗ್ಗೋ ಹಿಗ್ಗು. "ಅವ್ವಾ, ನೀ ಸುಮ್ನ ಹೆದರ್ತಿ. ಹೊಸಾ ಬ್ಯಾಟರಿ ಹಾಕ್ಯಾರ" ಎನ್ನುತ್ತಾಳೆ. ಹೋದ ವರ್ಷವೂ ಬ್ಯಾಟರಿ ಚೆನ್ನಾಗಿದೆಯೆಂದೇ ಹೇಳಿದ್ದರು. ಈಗ ದಿನವಿಡೀ ಕನ್ನಡಿಯ ಮುಂದೆ ನಿಂತು ಕೂಗುವುದನ್ನು, ಬಡಿಯುವುದನ್ನು ಕಲಿಯುತ್ತಿದ್ದಾಳೆ. ಬಾಗಿಲಾಚೆ ನಿಂತು ನಾನು ಅದನ್ನು ಕೇಳುತ್ತೇನೆ.

ಅಜ್ಜ, ನಾವು ಬದಲಿಸುವಂತಿಲ್ಲ, ನೀವು ಬದಲಿಸಬಹುದು. ನೀವು ಮಾಡಿಟ್ಟದ್ದೇ ನಮಗೆ ಕಟ್ಟಳೆ. ಈ ಪತ್ರವನ್ನು ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಡುತ್ತಿದ್ದೇನೆ. ನಿಮ್ಮ ಕೈಯೂ ನನ್ನ ಕೈಯೂ ಹೋದ ಜಾಗ ಅದೊಂದೇ. ಸಿಕ್ಕರೆ ಒಂದೇ ಒಂದು ಹ್ಯಾಂಡಲ್ ಮರಳಿ ಕೂರಿಸಿ. ಹೊರಗೆ ಬೇಡ, ನಿಮ್ಮ ನುಣುಪು ಹಾಗೇ ಇರಲಿ. ಒಳಗಡೆ, ಡ್ರೈವರಿನ ಬದಿಗೆ.

ಆಗದಿದ್ದರೆ ನಾನು ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡು ಹೋಗುತ್ತೇನೆ. ಈ ಸಲ ಗಾಜು ಒಡೆಯಲು ಹಿಂಜರಿಯುವುದಿಲ್ಲ, ಬಿಸಿಲಿಗೆ ತಳ್ಳಿದರೆ ತಳ್ಳಲಿ. ಉಸಿರು ಕಟ್ಟಿದರೆ ತಲೆಯ ಮೇಲೆ ಕೈ ಇಟ್ಟುಕೋ ಎಂದು ಮಗಳಿಗೆ ಸನ್ನೆಯನ್ನೂ ಹೇಳಿಕೊಟ್ಟಿದ್ದೇನೆ. ಆದರೆ ಉಸಿರು ಕಟ್ಟಿದವರಿಗೆ ಸನ್ನೆ ನೆನಪಿರುತ್ತದೆಯೇ? ಅವಳು ಗಾಜು ಬಡಿಯುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಅದು ಆಟವೋ ಜೀವಭಯವೋ ಎಂದು ಮುಖ ನೋಡಿ ನಾನೇ ತಿಳಿಯಬೇಕು. ಹೆತ್ತ ತಾಯಿಯ ಮುಖ ನೋಡಿ ನನಗೆ ತಿಳಿದಿರಲಿಲ್ಲ.

ನಿಮ್ಮ ಕುಡಿ,
ದಾನಮ್ಮ