ನನಗೆ ಬಾರದ ಬೈಗುಳ

ಅಮ್ಮಾ,

ನಿನ್ನೆ ನಿನ್ನ ಯುವಕೇಂದ್ರದ ಗೋಡೆಗೆ, ಕೇರಂ ಬೋರ್ಡಿನ ಮೇಲುಗಡೆ, ನಿನ್ನ ಫೋಟೊ ಹಾಕಿದರು. ಸಂಜೆ ಸಂಜೆ ನೀನು ತಿದ್ದಿ ಬೆಳೆಸಿದ ಹುಡುಗ ಹುಡುಗಿಯರೆಲ್ಲ ನರೆತ ತಲೆ ಹೊತ್ತು ಬಂದಿದ್ದರು. ಗುಣಗಾನದಿಂದ ಶುರುವಾದ ಮಾತು, ನಿನ್ನ ಕೈಲಿ ಹೆಚ್ಚು ಬೈಸಿಕೊಂಡವರು ಯಾರು ಎಂಬ ಪೈಪೋಟಿಗೆ ತಿರುಗಿತು.

"ಸಿಗರೇಟು ಸೇದಿದ್ದಕ್ಕೆ ಅಮ್ಮ ನನ್ನ ಕಿವಿ ಹಿಂಡಿ ಬೀದಿ ತುಂಬಾ ಎಳ್ಕೊಂಡು ಹೋಗಿದ್ರು," ಎಂದು ಈಗ ಬಸ್ ಡ್ರೈವರ್ ಆಗಿರುವ ಒಬ್ಬ, ಪದಕ ತೋರಿಸುವ ಹಾಗೆ ಕಿವಿ ತೋರಿಸಿದ.

"ಹೋಗೋ, ಅದೇನು ಮಹಾ! ನಾನು ಪರೀಕ್ಷೆ ತಪ್ಪಿಸಿದಾಗ ನಮ್ಮನೆ ಬಾಗಿಲಲ್ಲೇ ಕೂತುಬಿಟ್ಟಿದ್ರು," ಎಂದಳು ಈಗ ನರ್ಸ್ ಆಗಿರುವ ಇನ್ನೊಬ್ಬಳು.

ನನ್ನ ಹೊಟ್ಟೆ ಉರಿಯಿತು. ಹೆತ್ತ ಮಗಳು ನಾನು, ನನ್ನ ಪಾಲಿಗೆ ಒಂದು ಬೈಗುಳವೂ ಇಲ್ಲ. ನೀನು ದಣಿದು ಬರುವಷ್ಟರಲ್ಲಿ ನಾನು ಅಡುಗೆ ಮುಗಿಸಿ, ತಮ್ಮನನ್ನು ಮಲಗಿಸಿ, ಪಾತ್ರೆ ತೊಳೆದು ನಿನ್ನ ತಟ್ಟೆ ಇಟ್ಟಿರುತ್ತಿದ್ದೆ. ಬೈಯುವುದಕ್ಕೆ ಏನಿತ್ತು? ನೀನು ಉಂಡು ಮಲಗುತ್ತಿದ್ದೆ.

ಆಗ ಡ್ರೈವರ್ ನಗುತ್ತ, "ಅಕ್ಕಾ, ನಿಮ್ಮನ್ನ ಕಂಡ್ರೇ ನಮಗೆ ಆಗ್ತಿರ್ಲಿಲ್ಲ. ಬೈದು ಬೈದು ಕೊನೇಲಿ ಅಮ್ಮ ಹೇಳ್ತಿದ್ದದ್ದು ಒಂದೇ: 'ನನ್ನ ಮಗಳನ್ನ ನೋಡಿ ಕಲೀರೋ. ಅವಳು ಮನೇಲಿದ್ದಾಳೆ ಅಂತ ನಾನಿಲ್ಲಿ ನಿಂತಿದೀನಿ,'" ಎಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಹೊಟ್ಟೆಯುರಿ ಇನ್ನೂ ಹೆಚ್ಚಿತು. ಬೈಗುಳ ಅವರೇ ಇಟ್ಟುಕೊಳ್ಳಲಿ. ಆ ಮಾತನ್ನೂ ನನಗೊಮ್ಮೆಯೂ ಹೇಳದೆ ಅವರಿಗೇ ಕೊಟ್ಟುಬಿಟ್ಟೆಯಲ್ಲ!

ಈಗ ಉಂಡ ತಟ್ಟೆ ತೊಳೆಯದೆ ಹಾಗೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ನೋಡು, ಈಗಲಾದರೂ ನನ್ನನ್ನು ಬೈ.

ನಿನ್ನ ಮಗಳು