ಮಸಿಯಲ್ಲಿ ಬರೆದ ಸಿಂದಗಿ

೧೫ ಅಕ್ಟೋಬರ್ ೧೯೬೨, ಸೋಮವಾರ

ಇವತ್ತೂ ಚಿತ್ರದ ಪಾಠವೆಂದರೆ ಮಸಿಕಡ್ಡಿಯನ್ನು ನೀರಲ್ಲಿ ತೇಯ್ದದ್ದೇ ಆಯಿತು. ಫಾನ್ ಡಾಕ್ಟರು ಕುಂಚ ಮುಟ್ಟಲು ಬಿಡಲಿಲ್ಲ. ನಮ್ಮ ಮನೆ ಎದುರಿಗಿರುವ ಬಾನುಬಿ ಖಾಲಾನ ಮನೆಯ ಮುಂಗೋಣೆಯೇ ಅವರ ಹಲ್ಲಿನ ದವಾಖಾನೆ. ಡಾಕ್ಟರು ಹುಟ್ಟಿದ್ದು ಕಲಕತ್ತೆಯಲ್ಲಿ. ಅವರಿಗೆ ಚಿತ್ರ ಕಲಿಸಿದ್ದು ಚೀನಾದಿಂದ ಬಂದ ಅವರಪ್ಪ.

"ನಮ್ಮಪ್ಪ ಗುಡ್ಡ, ಮಂಜು ಬರೀತಿದ್ದ. ಸಿಂದಗ್ಯಾಗ ಗುಡ್ಡ ಎಲ್ಲಿಂದ ತರ್ಲಿ? ಬಸ್ ಬರೀತೇನಿ."

ಅದೇ ಕುಂಚ, ಅದೇ ಮಸಿ — ಆದರೆ ಬಸ್ಸು, ಕರೆಂಟ್ ಕಂಬ, ಜೋಳದ ಚೀಲ. ಧೂಳು ಬೇಕಾದಲ್ಲಿ ಕಾಗದವನ್ನೇ ಖಾಲಿ ಬಿಡುತ್ತಾರೆ. ಎದುರಿಗೆ ಕೂತು ಬರೆಯುವುದಿಲ್ಲ. ಸುತ್ತಾಡಿ, ನಿಂತು ನೋಡಿ, ಮನೆಗೆ ಬಂದು ನೆನಪಿನಿಂದ... ಮೇಲೆ ಹಾರುವ ಹಕ್ಕಿಗೆ ಕಂಡಂತೆ.

೨೩ ಅಕ್ಟೋಬರ್

ರೇಡಿಯೋ ತುಂಬ ಚೀನಾ ಯುದ್ಧ. ದವಾಖಾನೆಗೆ ಯಾರೂ ಇಲ್ಲ. ನಮ್ಮ ಓಣಿಯ ಸೋಮನಿಂಗ ಹಲ್ಲುನೋವಿಗೆ ಗಲ್ಲ ಊದಿಸಿಕೊಂಡು ಕಟ್ಟೆಯವರೆಗೆ ಬಂದವನು ತಿರುಗಿ ಹೋದ. "ಇಕ್ಕಳ ಹಿಡಿದ ಚೀನಾದವನ ಮುಂದ ಬಾಯಿ ತೆಗೀಲೇನು?" ಅಂದನಂತೆ. ಹೋಟೆಲಿನಲ್ಲಿ ಎಲ್ಲರೂ ನಕ್ಕರಂತೆ.

೪ ನವೆಂಬರ್

ಡಾಕ್ಟರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತಿದ್ದರು. ಜನ ಅವರನ್ನು ನೋಡುತ್ತಿದ್ದರು.

"ಸ್ವಲ್ಪ ದಿನ ಮನ್ಯಾಗ ಇರ್ರಿ" ಅಂದೆ. ಅಷ್ಟು ಹೇಳಲು ಎರಡು ಸಲ ಹತ್ತಿರ ಹೋಗಿ ತಿರುಗಿ ಬಂದಿದ್ದೆ.

"ನೋಡದ ಹೆಂಗ ಬರೀಲಿ, ತಂಗಿ?"

೧೧ ನವೆಂಬರ್, ಮಧ್ಯಾಹ್ನ

ಪೊಲೀಸ್ ಫೌಜದಾರರು ದವಾಖಾನೆಗೆ ಬಂದರು. ಖಾಲಾ ಚಹಾ ಅಂದಳು. ಬೇಡವೆಂದರು. ಗೋಡೆಯ ಚಿತ್ರದ ಮುಂದೆ ನಿಂತರು — ರಸ್ತೆ, ಬಸ್ ಸ್ಟ್ಯಾಂಡ್, ಕಂಬಗಳ ಸಾಲು, ಮೂಲೆಯಲ್ಲಿ ಚೀನೀ ಅಕ್ಷರ, ಕೆಂಪು ಮುದ್ರೆ.

"ಇದೇನು, ಊರಿನ ನಕಾಶೇನೋ?"

ಡಾಕ್ಟರು ಉತ್ತರಿಸುವ ಮೊದಲೇ ಖಾಲಾ ಮುಂದೆ ಬಂದಳು. "ನಕಾಶೆ ಎಲ್ಲೀದ್ರಿ, ಸಾಹೇಬ್ರ! ನಮ್ಮ ಡಾಕ್ಟರ ತಲಿ ಅಂದ್ರ ತಲಿ. ಒಮ್ಮಿ ನಿಂತು ನೋಡಿದ್ರ ಮುಗೀತು, ಒಂದು ಕಂಬಾನೂ ಮರಿಯಂಗಿಲ್ಲ. ಪೆನ್ಸಿಲ್ ಸುದ್ದಾ ಒಯ್ಯಂಗಿಲ್ಲ!"

ಫೌಜದಾರರು ಟೋಪಿ ತೆಗೆದು ಕೂತರು.

"ಈಗ ಚಹಾ ತರ್ರಿ. ಮತ್ತ ಏನೇನು ನೋಡ್ಯಾರ, ಹೇಳ್ರಿ."

ಖಾಲಾ ಹೆಮ್ಮೆಯಿಂದ ಹೇಳುತ್ತಲೇ ಹೋದಳು. ಡಾಕ್ಟರು ಕಣ್ಣು ಮುಚ್ಚಿಕೊಂಡರು. ನಾನು ಬಾಗಿಲ ಮರೆಯಲ್ಲಿ. ಬಿ.ಎ. ಓದಿ ಏನು ಬಂತು, ಮುಂದೆ ಬಂದು ಖಾಲಾನ ಮಾತು ತಡೆಯಲಾಗಲಿಲ್ಲ...

೧೪ ನವೆಂಬರ್, ಬೆಳಿಗ್ಗೆ

ಎದುರು ಮನೆ ಮುಂದೆ ಜೀಪು. ಡಾಕ್ಟರನ್ನು ಎಲ್ಲಿಗೆ ಒಯ್ಯುತ್ತಾರೆಂದು ಹೇಳುತ್ತಿಲ್ಲ. ಗೋಡೆಯ ಚಿತ್ರ ಪೊಲೀಸರ ಕೈಯಲ್ಲಿ, ಸುರುಳಿಯಾಗಿ. ಖಾಲಾ ಜೀಪಿನ ಬಾಗಿಲು ಬಿಡುತ್ತಿಲ್ಲ. "ನಾ ಹೊಗಳಿದ್ನಿರಿ, ಸಾಹೇಬ್ರ! ಅಷ್ಟರಿ!"

"ಇವರ ಕಡೆ ಕಲಿಯಾಕ ಬರ್ತಿದ್ದ ಹುಡುಗಿ ಎಲ್ಲಿ?" ಫೌಜದಾರರು ಕೇಳಿದರು.

ಡಾಕ್ಟರು ನಮ್ಮ ಕಿಟಕಿಯತ್ತ ನೋಡಿದರು. ಬೇಡವೆಂಬಂತೆ ತಲೆ ಅಲ್ಲಾಡಿಸಿದರು.

ಹೋಗುತ್ತೇನೆ. ಹೇಳುತ್ತೇನೆ. ಅದು ನಕಾಶೆಯಲ್ಲ, ಅದು —